ದ್ರೌಪದಿಗೆ ಸಂಭಾವನೆ: ಮಧುಗಿರಿ ಸೀಮೆಯಲ್ಲಿ ನಟಿಯ ಕಸುಬು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ನಟನೆ ಬಹುಕಾಲ ಗಂಡಸರಿಗೆ ಹವ್ಯಾಸ, ಹೆಂಗಸರಿಗೆ ಕಸುಬು. ಊರ ಜಾತ್ರೆಯಲ್ಲಿ ‘ಕುರುಕ್ಷೇತ್ರ’ ಆಡುವಾಗ ದುರ್ಯೋಧನನ ಪಾತ್ರ ಕಟ್ಟುವವನು ತನ್ನ ಜೇಬಿನಿಂದ ಹಣ ಕೊಡುತ್ತಾನೆ. ದ್ರೌಪದಿಯ ಪಾತ್ರ ಮಾಡುವವಳು ಹಣ ತೆಗೆದುಕೊಳ್ಳುತ್ತಾಳೆ. ಅವನು ಊರಿನವನು, ಅವಳು ಹೊರಗಿನಿಂದ ಬಂದವಳು. ಇಂದಿನ ಕಿರುತೆರೆ ನಟಿಯ ದುಡಿಮೆಗೆ ಪೂರ್ವಜರನ್ನು ಹುಡುಕುವವರು ಸಾಮಾನ್ಯವಾಗಿ ಸಿನಿಮಾದ ಕಡೆ ನೋಡುತ್ತಾರೆ. ಈ ಸೀಮೆಯ ಮಟ್ಟಿಗಾದರೂ ಆ ದುಡಿಮೆಯ ಬೇರು ಇರುವುದು ಊರ ರಂಗದ ಮೇಲೆ ಒಂದು ರಾತ್ರಿಯ ಲೆಕ್ಕಕ್ಕೆ ದುಡಿದ ಹೆಂಗಸರಲ್ಲಿ.

ನಾಲ್ಕೂ ತಾಲ್ಲೂಕುಗಳು ಆಡಳಿತದ ಲೆಕ್ಕದಲ್ಲಿ ಮಧುಗಿರಿ ಉಪವಿಭಾಗ. ಜಯಮಂಗಲಿ, ಸುವರ್ಣಮುಖಿ ಎಂಬ ನದಿಗಳ ಹೆಸರು ದೊಡ್ಡದು, ನೀರು ಕಡಿಮೆ. ರಾಗಿ, ಕಡಲೆಕಾಯಿ, ಕೊಳವೆಬಾವಿ ಇದ್ದಲ್ಲಿ ಅಡಿಕೆ. ಪಾವಗಡವಂತೂ ಹೆಚ್ಚುಕಡಿಮೆ ಸುತ್ತಲೂ ಆಂಧ್ರದ ನೆಲವೇ ಇರುವ ತಾಲ್ಲೂಕು. ಅಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಸುಗ್ಗಿ ಮುಗಿದು ಮುಂಗಾರು ಹಿಡಿಯುವವರೆಗೆ ಹೊಲದಲ್ಲಿ ಕೆಲಸವಿಲ್ಲ. ಜಾತ್ರೆ, ಹರಕೆ, ನಾಟಕ ಎಲ್ಲವೂ ಆ ಬಿಡುವಿನ ತಿಂಗಳುಗಳಿಗೇ ಬಂದು ಬೀಳುತ್ತವೆ.

ನಾಟಕಕ್ಕೂ ಮುಂಚೆ ಇಲ್ಲಿದ್ದದ್ದು ಬಯಲಾಟ. ಜಾನಪದ ವಿದ್ವಾಂಸರು ಮೂಡಲಪಾಯ ಎಂದು ಕರೆದ ಪೂರ್ವದ ಯಕ್ಷಗಾನ. ಭಾಗವತ, ಮದ್ದಳೆ, ಮುಖವೀಣೆ, ಮರದ ಭುಜಕೀರ್ತಿ, ಎದೆಪದಕ. ಮೊದಲು ಬಾಲಗೋಪಾಲರ ಕುಣಿತ, ನಡುನಡುವೆ ನಗಿಸಲು ಹನುಮನಾಯಕ. ಬೆಳಗಿನವರೆಗೆ ನಡೆಯುವ ಈ ಆಟದಲ್ಲಿ ದ್ರೌಪದಿಯೂ ಗಂಡಸೇ, ಶೂರ್ಪಣಖಿಯೂ ಗಂಡಸೇ. ಮೀಸೆ ಬೋಳಿಸಿ ಸೀರೆ ಉಟ್ಟವನನ್ನು ಊರು ವರ್ಷವಿಡೀ ಆ ಪಾತ್ರದ ಹೆಸರಿನಿಂದಲೇ ರೇಗಿಸುತ್ತಿತ್ತು. ಹೆಂಗಸರಿಗೆ ಕಲೆ ಇರಲಿಲ್ಲವೆಂದಲ್ಲ. ಸೋಬಾನೆ, ಬೀಸುವ ಪದ, ಕೋಲಾಟದ ಪದಗಳೆಲ್ಲ ಅವರದೇ. ಶಿರಾ ಭಾಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ತಮ್ಮ ದೈವ ಜುಂಜಪ್ಪನ ಕಥನದ ಸುತ್ತಲಿನ ಹಾಡುಗಳನ್ನು ಬಲ್ಲ ಹೆಂಗಸರು ಹಲವರಿದ್ದರು. ಆದರೆ ಅದು ಅಂಗಳದ ಹಾಡು. ದೀವಟಿಗೆಯ ಬೆಳಕಿನಲ್ಲಿ, ಊರ ಗಂಡಸರ ಎದುರು, ಅಟ್ಟಣೆ ಹತ್ತುವುದು ಬೇರೆ ಮಾತು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಸೀಮೆಯ ಎರಡೂ ಪಕ್ಕದಲ್ಲಿ, ಒಂದೇ ವರ್ಷದ ಅಂತರದಲ್ಲಿ, ಎರಡು ನಾಟಕ ಪರಂಪರೆಗಳು ಹುಟ್ಟಿದವು. ನೈರುತ್ಯಕ್ಕೆ ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ. ಪೂರ್ವಕ್ಕೆ ಕಡಪ ಜಿಲ್ಲೆಯ ಸುರಭಿ ಎಂಬ ಹಳ್ಳಿಯಲ್ಲಿ 1885ರಲ್ಲಿ ವನಾರಸ ಗೋವಿಂದರಾವ್ ಅವರ ಕುಟುಂಬದ ಮಂಡಳಿ. ಸುರಭಿಯವರದು ಮನೆಮಂದಿಯೆಲ್ಲ ಸೇರಿ ಆಡುವ ಪದ್ಧತಿ, ಹಾಗಾಗಿ ಅಲ್ಲಿ ಹೆಣ್ಣುಪಾತ್ರಕ್ಕೆ ಮನೆಯ ಹೆಣ್ಣುಮಕ್ಕಳೇ ಬಂದರು. ಅವರನ್ನು ಕಾಯಲು ಗಂಡ, ಮಾವ, ಮೈದುನ ಎಲ್ಲರೂ ಅದೇ ಡೇರೆಯಲ್ಲಿದ್ದರು. ಗುಬ್ಬಿಯಲ್ಲಿ ಶುರುವಿಗೆ ಹಾಗಿರಲಿಲ್ಲ. ಊರಿನ ಆಸಕ್ತರು ಕಟ್ಟಿದ ಸಂಘವದು, ಹೆಣ್ಣುಪಾತ್ರಗಳು ಹುಡುಗರಿಗೆ ಸಿಗುತ್ತಿದ್ದವು. 1891ರಲ್ಲಿ ಹುಟ್ಟಿದ ಗುಬ್ಬಿ ವೀರಣ್ಣ ಸಂಘಕ್ಕೆ ಸೇರಿದ್ದೂ ಬಾಲನಟನಾಗಿಯೇ.

ವೀರಣ್ಣ ಕಂಪನಿಯ ಯಜಮಾನರಾದ ಮೇಲೆ ನಟಿಯರು ಬಂದರು. ಸುಂದರಮ್ಮ ಬಂದರು, ಮುಂದೆ ಬಿ. ಜಯಮ್ಮ ಬಂದರು, ಇಬ್ಬರೂ ವೀರಣ್ಣನವರ ಪತ್ನಿಯರೂ ಆದರು. ಕಂಪನಿಯ ನಟಿ ಕಂಪನಿಯ ಮನೆಯವಳೇ ಆಗುವ ಈ ಏರ್ಪಾಡನ್ನು ಇಂದಿನ ಕಣ್ಣಿನಿಂದ ನೋಡಿದರೆ ಇರುಸುಮುರುಸಾಗುತ್ತದೆ. ಆದರೆ ಆ ಕಾಲದಲ್ಲಿ ಹೆಣ್ಣು ರಂಗದ ಮೇಲೆ ಉಳಿಯಲು ಇದ್ದ ದಾರಿಗಳು ಎರಡೋ ಮೂರೋ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹಾಡು ಕುಣಿತ ಬಲ್ಲ ಕುಟುಂಬಗಳ ಹೆಣ್ಣುಮಕ್ಕಳು ಮುಂದಿನ ದಶಕಗಳಲ್ಲಿ ಗ್ರಾಮಫೋನ್, ನಾಟಕ, ಸಿನಿಮಾಗಳಲ್ಲಿ ನೆಲೆ ಹುಡುಕಿದರು. ‘ನಾಟಕದವಳು’ ಎಂಬ ಮಾತಿಗೆ ಹಳ್ಳಿಗಳಲ್ಲಿ ಅಂಟಿಕೊಂಡ ಕಳಂಕದ ಮೂಲ ಅಲ್ಲಿದೆ. ಟೆಂಟು, ತಿರುಗಾಟ, ರಾತ್ರಿ ಎಚ್ಚರವಿರುವುದು, ಪರಗಂಡಸಿನ ಎದುರು ಹಾಡುವುದು, ಇವು ಅದಕ್ಕೆ ಇನ್ನಷ್ಟು ಗಂಟು ಹಾಕಿದವು. ಜಯಮ್ಮನವರಂಥ ಗಾಯಕಿನಟಿ ನಾಟಕದಿಂದ ಸಿನಿಮಾಕ್ಕೆ ಹೋಗಿ, 1940ರ ದಶಕದ ‘ಹೇಮರೆಡ್ಡಿ ಮಲ್ಲಮ್ಮ’ನಾಗಿ ಮನೆಮನೆಯ ಪೂಜ್ಯಮೂರ್ತಿಯಾದರೂ ಆ ಗಂಟು ಪೂರ್ತಿ ಬಿಚ್ಚಲಿಲ್ಲ.

1934ರಲ್ಲಿ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕವನ್ನು ರಂಗಕ್ಕೆ ತಂದಿತು. ಆನೆ, ಕುದುರೆಗಳನ್ನು ಜೀವಂತ ತಂದು ನಿಲ್ಲಿಸಿದ ಆ ಪ್ರಯೋಗದ ಕತೆಯನ್ನು ರಂಗಭೂಮಿಯ ಪುಸ್ತಕಗಳೆಲ್ಲ ಹೇಳುತ್ತವೆ. ಕಂಪನಿಯ ವೈಭವ ಇಳಿದ ಮೇಲೆ ಆ ನಾಟಕ ಏನಾಯಿತು ಎಂಬುದು ಅದಕ್ಕಿಂತ ಕುತೂಹಲದ ಸಂಗತಿ. ಅದರ ಕಂದಗಳು, ರಂಗಗೀತೆಗಳು, ಮಟ್ಟುಗಳು ಹಾರ್ಮೋನಿಯಂ ಮೇಷ್ಟ್ರುಗಳ ಮೂಲಕ ಹಳ್ಳಿಗಳಿಗೆ ಇಳಿದವು. ಕಂಪನಿ ಮುಚ್ಚಿದ ಮೇಲೆ ಊರಿಗೆ ಮರಳಿದ ನಟನೋ, ಅವನ ಶಿಷ್ಯನೋ ‘ಡ್ರಾಮಾ ಮೇಷ್ಟ್ರು’ ಆದ. ಗುಬ್ಬಿ, ತುಮಕೂರು, ಕೊರಟಗೆರೆ, ಮಧುಗಿರಿ ಕಡೆ ಬಯಲಾಟದ ಜಾಗವನ್ನು ಪೌರಾಣಿಕ ನಾಟಕ ಬಹುಮಟ್ಟಿಗೆ ಹಿಡಿಯಿತು. ‘ಕುರುಕ್ಷೇತ್ರ’, ‘ರಾಜಸೂಯಯಾಗ’, ‘ದಾನಶೂರ ಕರ್ಣ’, ‘ದಕ್ಷಯಜ್ಞ’, ‘ಶನಿಪ್ರಭಾವ’ ಮುಂತಾದವು ಊರೂರಿನ ಬಾಯಿಪಾಠವಾದವು. ಪಾವಗಡದ ಗಡಿ ಹಳ್ಳಿಗಳಲ್ಲಿ ಇದರ ಜೊತೆಗೆ ತೆಲುಗು ಪದ್ಯನಾಟಕದ ರುಚಿಯೂ ಇತ್ತು; ರಾಗವನ್ನು ಎಳೆದು ಎಳೆದು ಪದ್ಯ ಹೇಳುವವನಿಗೆ ‘ಒನ್ಸ್ ಮೋರ್’ ಕೂಗುವ ಚಟ ಎರಡೂ ಭಾಷೆಗೆ ಸಮಾನ.

ಊರ ನಾಟಕದ ಹಣದ ಲೆಕ್ಕ ವಿಚಿತ್ರವಾದದ್ದು. ನಾಟಕ ಆಡಬೇಕೆಂದು ತೀರ್ಮಾನವಾದ ಮೇಲೆ ಮೇಷ್ಟ್ರನ್ನು ಗೊತ್ತು ಮಾಡುತ್ತಾರೆ. ಮೇಷ್ಟ್ರು ಗಂಟಲು ನೋಡಿ, ಮೈಕಟ್ಟು ನೋಡಿ, ಕೆಲವೊಮ್ಮೆ ಅಂತಸ್ತು ನೋಡಿ ಪಾತ್ರ ಹಂಚುತ್ತಾರೆ. ಪಾತ್ರ ಸಿಕ್ಕವರು ವಂತಿಗೆ ಹಾಕಬೇಕು. ಹಾಡು ಹೆಚ್ಚಿದ್ದಷ್ಟೂ, ಕಿರೀಟ ದೊಡ್ಡದಾದಷ್ಟೂ ವಂತಿಗೆ ಏರುತ್ತದೆ. ಕೃಷ್ಣ, ದುರ್ಯೋಧನ, ಭೀಮ, ಕರ್ಣ ದುಬಾರಿ, ವಿದುರ ಸ್ವಲ್ಪ ಅಗ್ಗ. ರೈತ, ಶಾಲಾ ಮಾಸ್ತರ, ಪಂಚಾಯಿತಿ ಸದಸ್ಯ, ಬಸ್ ಕಂಡಕ್ಟರ್ ಎಲ್ಲರೂ ಸೇರಿ ಹಾಕಿದ ಈ ದುಡ್ಡಿನಿಂದ ಮೇಷ್ಟ್ರಿಗೆ, ತಬಲದವರಿಗೆ, ಪರದೆ ದೀಪ ಉಡುಪು ತರುವ ‘ಸೀನರಿ’ಯವರಿಗೆ ಮತ್ತು ನಟಿಯರಿಗೆ ಕೊಡಬೇಕು. ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ, ಆದರೆ ತಾಲೀಮಿನಲ್ಲಿ ದ್ರೌಪದಿ ಇರುವುದಿಲ್ಲ. ಮೇಷ್ಟ್ರೇ ಹಾರ್ಮೋನಿಯಂ ಹಿಂದಿನಿಂದ ಅವಳ ಮಾತು ಹೇಳಿಬಿಡುತ್ತಾರೆ. ನಟಿ ಬರುವುದು ನಾಟಕದ ಸಂಜೆ, ಇಲ್ಲವೇ ಹೆಚ್ಚೆಂದರೆ ಕೊನೆಯ ಒಂದು ತಾಲೀಮಿಗೆ.

ಬೆಂಗಳೂರಿನಿಂದಲೋ ತುಮಕೂರಿನಿಂದಲೋ ಬಸ್ಸಿನಲ್ಲಿ ಬಂದಿಳಿಯುವ ಆಕೆಗೆ ಇಡೀ ನಾಟಕ ಬಾಯಿಪಾಠ. ಒಂದು ರಾತ್ರಿ ದ್ರೌಪದಿಯಾದವಳು ಅದೇ ರಾತ್ರಿ ರುಕ್ಮಿಣಿಯೂ ಆಗಬೇಕಾಗಬಹುದು. ಇಬ್ಬರೇ ನಟಿಯರು ಬಂದರೆ ಕುಂತಿ, ಭಾನುಮತಿ, ಉತ್ತರೆಯರನ್ನು ಅವರವರೇ ಹಂಚಿಕೊಳ್ಳಬೇಕು. ಎದುರಿಗಿರುವ ಕೃಷ್ಣನ ಮುಖವನ್ನು ಆಕೆ ಮೊದಲ ಸಲ ನೋಡುವುದು ಬಣ್ಣದ ಕೋಣೆಯಲ್ಲಿ. ಅವನು ಮಾತು ಮರೆತರೆ ಎತ್ತಿಕೊಡುವವಳು, ಶ್ರುತಿ ತಪ್ಪಿದರೆ ತಾನೇ ಸಾಲು ಹಿಡಿದು ದಾರಿಗೆ ತರುವವಳು ಅವಳೇ. ಹಣ ಕೊಟ್ಟು ಪಾತ್ರ ಪಡೆದ ಗಂಡಸರ ನಡುವೆ ರಂಗದ ಮೇಲಿನ ವೃತ್ತಿಪರ ಕಲಾವಿದೆ ಅವಳೊಬ್ಬಳೇ. ಆದರೂ ಅಭಿಮಾನಿಗಳು ನೋಟಿನ ಹಾರ ಹಾಕುವುದು ದುರ್ಯೋಧನನ ಕೊರಳಿಗೆ.

ನಾಟಕದ ಕರಪತ್ರಗಳನ್ನು ನೋಡಿದರೆ ಈ ತಾರತಮ್ಯ ಅಚ್ಚಿನಲ್ಲೇ ಕಾಣುತ್ತದೆ. ಗಂಡುಪಾತ್ರಧಾರಿಗಳಿಗೆ ಫೋಟೊ, ತಂದೆಯ ಹೆಸರು, ಊರು, ಹುದ್ದೆ, ಕೆಲವೊಮ್ಮೆ ಪಕ್ಷದ ಸ್ಥಾನಮಾನ. ಕೆಳಗೆ ‘ಸ್ತ್ರೀ ಪಾತ್ರಗಳಲ್ಲಿ’ ಎಂಬ ಸಾಲು. ಅಲ್ಲಿ ಒಂದು ಹೆಸರು, ಮುಂದೆ ‘ಬೆಂಗಳೂರು’ ಅಥವಾ ‘ತುಮಕೂರು’ ಎಂದಷ್ಟೇ. ಆ ಊರಿನ ಹೆಸರೂ ಪೂರ್ತಿ ನಿಜವಲ್ಲ, ಎಷ್ಟೋ ನಟಿಯರು ಬೇರೆ ಹಳ್ಳಿಗಳಿಂದ ಹೊರಟು ಪೇಟೆಯ ಬಾಡಿಗೆ ಮನೆಯಲ್ಲಿ ನಿಂತವರು. ಹುಟ್ಟೂರಿನಲ್ಲಿ ಬಣ್ಣ ಹಚ್ಚುವುದು ಕಷ್ಟ, ಪರ ಊರಿನಲ್ಲಿ ಹಚ್ಚಬಹುದು ಎಂಬುದು ಈ ಕಸುಬಿನ ಅಲಿಖಿತ ನಿಯಮವಾಗಿತ್ತು.

ಸಿನಿಮಾ ಈ ನಿಯಮವನ್ನು ಅಷ್ಟೇನೂ ಅಲುಗಿಸಲಿಲ್ಲ. ಮಧುಗಿರಿ ತಾಲ್ಲೂಕಿನ ಜಕ್ಕೇನಹಳ್ಳಿಯವರಾದ ಶಕ್ತಿಪ್ರಸಾದ್ ಕನ್ನಡ ಚಿತ್ರಗಳಲ್ಲಿ ಖಳನಾಯಕನಾಗಿ ಹೆಸರಾದರು. ಅವರ ಮಕ್ಕಳಲ್ಲಿ ಕಿಶೋರ್ ಸರ್ಜಾ ನಿರ್ದೇಶಕರಾದರು, ಅರ್ಜುನ್ ಸರ್ಜಾ ಕನ್ನಡ, ತೆಲುಗು, ತಮಿಳಿನಲ್ಲಿ ನಾಯಕನಟರಾದರು. ಮುಂದಿನ ತಲೆಮಾರಿನಲ್ಲಿ ಚಿರಂಜೀವಿ ಮತ್ತು ಧ್ರುವ. ಈ ಮನೆತನಕ್ಕೆ ನಟಿಯರು ಮೊದಲು ಬಂದದ್ದು ಮದುವೆಯ ಮೂಲಕ: ಅರ್ಜುನ್ ಅವರ ಪತ್ನಿ, ನಟ ರಾಜೇಶ್ ಅವರ ಮಗಳು, 1986ರ ‘ರಥಸಪ್ತಮಿ’ಯಲ್ಲಿ ಆಶಾರಾಣಿ ಎಂಬ ಹೆಸರಿನಲ್ಲಿ ನಾಯಕಿಯಾಗಿದ್ದವರು. ಮನೆಯಲ್ಲೇ ಹುಟ್ಟಿದ ಹೆಣ್ಣುಮಗಳು ಕನ್ನಡ ಚಿತ್ರದ ನಾಯಕಿಯಾದದ್ದು 2018ರಲ್ಲಿ, ‘ಪ್ರೇಮ ಬರಹ’ದ ಐಶ್ವರ್ಯಾ ಅರ್ಜುನ್ ಅವರಿಂದ. ಶಿರಾ ತಾಲ್ಲೂಕಿನ ಬರಗೂರಿನಿಂದ ಬಂದ ಬರಗೂರು ರಾಮಚಂದ್ರಪ್ಪನವರು ಕತೆಗಾರರಾಗಿ, ನಿರ್ದೇಶಕರಾಗಿ ಬೆಳೆದರು. ಅವರ ‘ಶಾಂತಿ’ ಚಿತ್ರದಲ್ಲಿ ತೆರೆಯ ಮೇಲೆ ಉದ್ದಕ್ಕೂ ಕಾಣುವುದು ಒಬ್ಬಳೇ ನಟಿ, ಭಾವನಾ. ಆಕೆಯೂ ಈ ಸೀಮೆಯವರಲ್ಲ.

ಜಿಲ್ಲೆಯ ಉಳಿದ ಭಾಗಕ್ಕೆ ಬಂದರೆ ಚಿತ್ರ ಸ್ವಲ್ಪ ಬೇರೆ. ತುಮಕೂರು ಸಮೀಪದ ಹೊನ್ನೇನಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಮಂಜುಳಾ, ಪ್ರಭಾತ್ ಕಲಾವಿದರು ತಂಡದಲ್ಲಿ ಪಳಗಿ, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎದುರು ಗಟ್ಟಿಗಿತ್ತಿ ಹಳ್ಳಿ ಹುಡುಗಿಯಾಗಿ ನಿಂತರು. ಎದುರುತ್ತರ ಕೊಡುವ ಬಜಾರಿ ಹುಡುಗಿ ಎಂಬ ಪಾತ್ರದ ಅಚ್ಚು ಕನ್ನಡದಲ್ಲಿ ಅವರಿಂದ ಗಟ್ಟಿಯಾಯಿತು. ಇಂದಿಗೂ ಧಾರಾವಾಹಿಗಳ ನಾಯಕಿಯರು ಮೊದಲ ಕಂತಿನಲ್ಲಿ ಅದೇ ಅಚ್ಚಿನಲ್ಲಿ ಪರಿಚಯವಾಗುತ್ತಾರೆ, ನೂರನೇ ಕಂತಿನ ಹೊತ್ತಿಗೆ ಅಳತೊಡಗುತ್ತಾರೆ. ಮಂಜುಳಾ 1986ರಲ್ಲಿ, ಮೂವತ್ತೆರಡು ತುಂಬುವ ಮೊದಲೇ ತೀರಿಕೊಂಡರು.

ರಂಗದಿಂದ ಕಿರುತೆರೆಯವರೆಗಿನ ಪೂರ್ತಿ ದಾರಿಯನ್ನು ಒಂದೇ ಬದುಕಿನಲ್ಲಿ ನಡೆದವರು ಉಮಾಶ್ರೀ. ಅವರು ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡು, ಬಡತನ ಉಂಡು, ಹೊಟ್ಟೆಪಾಡಿಗಾಗಿಯೇ ರಂಗಕ್ಕೆ ಬಂದವರು. ದೇವನೂರ ಮಹಾದೇವರ ‘ಒಡಲಾಳ’ದ ರಂಗರೂಪದಲ್ಲಿ ಸಾಕವ್ವನಾಗಿ ಅವರು ಮಾಡಿದ ಅಭಿನಯವನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ. ಸಿನಿಮಾ ಮಾತ್ರ ಅವರನ್ನು 1984ರ ‘ಅನುಭವ’ದ ನಂತರ ಬಹುಕಾಲ ದ್ವಂದ್ವಾರ್ಥದ ಹಾಸ್ಯಕ್ಕೆ ಕಟ್ಟಿಹಾಕಿತು. ಬಡ ಮನೆಯಿಂದ ಬಂದ, ಗಟ್ಟಿ ಗಂಟಲಿನ ನಟಿಗೆ ಚಿತ್ರರಂಗ ತೆರೆದುಕೊಟ್ಟ ಬಾಗಿಲು ಅದೊಂದೇ ಎನ್ನುವುದು ಆ ಚಿತ್ರರಂಗದ ಬಗ್ಗೆ ಹೇಳಬೇಕಾದ್ದನ್ನು ಹೇಳುತ್ತದೆ. 2008ರಲ್ಲಿ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂತು. ಅದಕ್ಕೆ ಉಮಾಶ್ರೀಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಕರಾವಳಿಯ ಸೂಲಗಿತ್ತಿಯೊಬ್ಬಳ ಮನೆಗೆ ಬಣ್ಣದ ಟೀವಿ ಬರುತ್ತದೆ, ಊರ ಹೆಂಗಸರು ಅವಳ ಮನೆಯಲ್ಲಿ ಸೇರತೊಡಗುತ್ತಾರೆ ಎಂಬುದು ಕತೆಯ ಆರಂಭ. ಟೀವಿ ಬಂದ ಮೇಲೆ ಹೆಂಗಸಿನ ಲೋಕ ಹೇಗೆ ಅಲುಗುತ್ತದೆ ಎಂದು ತೋರಿಸಿದ ನಟಿ, ಹದಿಮೂರು ವರ್ಷದ ನಂತರ ಅದೇ ಟೀವಿಯಲ್ಲಿ ವಾರಕ್ಕೆ ಐದಾರು ರಾತ್ರಿ ಕಾಣಿಸತೊಡಗಿದರು. ನಡುವೆ 2013ರಲ್ಲಿ ತೇರದಾಳದಿಂದ ಶಾಸಕಿಯಾಗಿ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವೆಯೂ ಆಗಿದ್ದರು.

ಕನ್ನಡ ಕಿರುತೆರೆಯ ಮೊದಲ ಘಟ್ಟ ದೂರದರ್ಶನದ್ದು. ಬೆಂಗಳೂರು ಕೇಂದ್ರ 1980ರ ದಶಕದ ಆರಂಭದಲ್ಲಿ ಶುರುವಾದಾಗ ಅಲ್ಲಿಗೆ ನಟಿಯರು ಬಂದದ್ದು ನಗರದ ಹವ್ಯಾಸಿ ತಂಡಗಳಿಂದ. ಓದಿದ, ಉದ್ಯೋಗವಿದ್ದ, ಸಂಜೆ ನಾಟಕ ಮಾಡುತ್ತಿದ್ದ ಹೆಂಗಸರು ಅವರು. ಕಂಪನಿ ನಾಟಕದ ನಟಿಗೆ ಅಂಟಿದ ಕಳಂಕ ಇವರಿಗೆ ಅಂಟಲಿಲ್ಲ. ವಾರಕ್ಕೊಂದು ಕಂತಿನ ಧಾರಾವಾಹಿಯಿಂದ ಇವರ ಜೀವನವೂ ಸಾಗುತ್ತಿರಲಿಲ್ಲ. 1994ರ ಜೂನ್ 1ರಂದು ಉದಯ ಟೀವಿ ಬಂತು. 1998ರಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಮಾಯಾಮೃಗ’ ಧಾರಾವಾಹಿ ಶುರುವಾಯಿತು. ಅದರ ನಿರ್ದೇಶಕರಲ್ಲಿ ಒಬ್ಬರಾದ ಟಿ. ಎನ್. ಸೀತಾರಾಂ ಮಧುಗಿರಿ, ಕೊರಟಗೆರೆಗಳಿಗೆ ತಾಗಿಕೊಂಡ ಗೌರಿಬಿದನೂರು ತಾಲ್ಲೂಕಿನವರು. ಅವರ ಹೆಣ್ಣುಪಾತ್ರಗಳು ಕೋರ್ಟಿನಲ್ಲಿ ವಾದಿಸುತ್ತವೆ, ಕೆಲಸ ಹುಡುಕುತ್ತವೆ, ಜಿಲ್ಲಾ ಕೇಂದ್ರದ ಬಸ್ ನಿಲ್ದಾಣದಲ್ಲಿ ಕಾಯುತ್ತವೆ. ‘ಮಾಯಾಮೃಗ’ದಿಂದ ಮಾಳವಿಕಾರಂಥವರು ಸಿನಿಮಾ ತಾರೆಯರಷ್ಟೇ ಪರಿಚಿತರಾದರು.

2000ದ ಡಿಸೆಂಬರಿನಲ್ಲಿ ಈಟೀವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದ ಮೇಲೆ ದಿನಧಾರಾವಾಹಿ ಒಂದು ಉದ್ಯಮವಾಯಿತು. ಪ್ರತಿ ಸಂಜೆ ಹತ್ತಾರು ಧಾರಾವಾಹಿಗಳಿಗೆ ನಾಯಕಿ, ನಾದಿನಿ, ಅತ್ತೆ, ಗೆಳತಿಯರು ಬೇಕು. ಬೆಂಗಳೂರಿನ ಹವ್ಯಾಸಿ ತಂಡಗಳಿಂದ ಇಷ್ಟು ಮಂದಿ ಸಿಗುವುದಿಲ್ಲ. ಆಗ ಬಾಗಿಲು ತೆರೆದದ್ದು ಜಿಲ್ಲೆಗಳ ಹುಡುಗಿಯರಿಗೆ: ಭರತನಾಟ್ಯ ಕಲಿತವರು, ಕಾಲೇಜಿನ ನಾಟಕದಲ್ಲಿ ಬಹುಮಾನ ಪಡೆದವರು, ಸ್ಥಳೀಯ ಕೇಬಲ್ ಚಾನೆಲ್‌ನಲ್ಲಿ ನಿರೂಪಣೆ ಮಾಡಿದವರು, ಇತ್ತೀಚೆಗೆ ಮೊಬೈಲಿನಲ್ಲಿ ರೀಲ್ಸ್ ಮಾಡಿ ಕಣ್ಣಿಗೆ ಬಿದ್ದವರು. ಕೊರಟಗೆರೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಆಡಿಷನ್ ಕೊಟ್ಟು ರಾತ್ರಿ ಮನೆ ಸೇರಬಹುದು. ಪಾವಗಡದಿಂದ ಹೋದವರಿಗೆ ಅಷ್ಟು ಸುಲಭವಿಲ್ಲ. ಅಟ್ಟಣೆಗಾಗಿ ಹೊರಗಿನಿಂದ ನಟಿಯನ್ನು ಕರೆಸುತ್ತಿದ್ದ ಸೀಮೆಯಿಂದ ಈಗ ಹುಡುಗಿಯರು ಹೊರಟರು.

ಹೊಸ ಕಸುಬಿನ ಕಟ್ಟುಪಾಡು ಮಾತ್ರ ಹಳೆಯದನ್ನೇ ಹೋಲುತ್ತದೆ. ಧಾರಾವಾಹಿ ನಟಿಗೆ ತಿಂಗಳ ಸಂಬಳವಿಲ್ಲ. ಒಂದು ದಿನಕ್ಕೆ ಇಷ್ಟು ಎಂದು ಮಾತಾಗುತ್ತದೆ, ತಿಂಗಳಲ್ಲಿ ಎಷ್ಟು ದಿನ ಚಿತ್ರೀಕರಣವೋ ಅಷ್ಟು ದಿನದ ಹಣ. ಕತೆ ತನ್ನ ಪಾತ್ರದ ಕಡೆ ಹೊರಳಿದ ತಿಂಗಳು ಕೈತುಂಬ, ಪಾತ್ರ ‘ಊರಿಗೆ ಹೋದ’ ತಿಂಗಳು ಖಾಲಿ. ಬೆಂಗಳೂರಿನ ಅಂಚಿನ ಬಾಡಿಗೆ ಬಂಗಲೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೆಲಸ. ದೃಶ್ಯದ ಕಾಗದ ಕೈಗೆ ಬರುವುದು ಅದೇ ದಿನ. ಎಷ್ಟೋ ಸೆಟ್ಟುಗಳಲ್ಲಿ ಕ್ಯಾಮೆರಾದ ಪಕ್ಕ ನಿಂತವರು ಮಾತನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ನಟಿ ಅದನ್ನು ಕೇಳಿಸಿಕೊಂಡು ಭಾವ ತುಂಬಿ ಒಪ್ಪಿಸುತ್ತಾಳೆ. ನಾಟಕದಲ್ಲಿ ಪರದೆಯ ಪಕ್ಕದಿಂದ ಮಾತು ಎತ್ತಿಕೊಡುತ್ತಿದ್ದವನ ಕೆಲಸವೇ ಇದು. ಸೀರೆ, ಒಡವೆ, ಬಳೆಗಳನ್ನು ಹಲವು ನಟಿಯರು ಸ್ವಂತ ಖರ್ಚಿನಲ್ಲಿ ಹೊಂದಿಸಿಕೊಳ್ಳುತ್ತಾರೆ. ದಿನವೂ ಕಾಣಿಸಿಕೊಳ್ಳುವವಳು ಉಟ್ಟದ್ದನ್ನೇ ಮತ್ತೆ ಉಟ್ಟರೆ ನೋಡುವವರು ಗುರುತು ಹಿಡಿಯುತ್ತಾರಾದ್ದರಿಂದ ಹೊಸಬರಿಗೆ ಈ ಖರ್ಚು ಸಣ್ಣದಲ್ಲ.

ಪಾತ್ರ ನಟಿಯ ಸ್ವತ್ತೂ ಅಲ್ಲ. ಮದುವೆ, ಬಸಿರು, ಅನಾರೋಗ್ಯ, ನಿರ್ಮಾಪಕರೊಡನೆ ಮನಸ್ತಾಪ, ಸಿನಿಮಾ ಅವಕಾಶ ಹೀಗೆ ಯಾವ ಕಾರಣಕ್ಕೆ ಬಿಟ್ಟರೂ ಮರುವಾರ ಅದೇ ಹೆಸರಿನ, ಅದೇ ಗಂಡನ ಹೆಂಡತಿಯಾಗಿ ಬೇರೊಬ್ಬಳು ಬಂದು ನಿಲ್ಲುತ್ತಾಳೆ. ಎರಡು ದಿನ ಗೊಣಗಿದ ಪ್ರೇಕ್ಷಕರು ಮೂರನೇ ದಿನ ಒಪ್ಪಿಕೊಳ್ಳುತ್ತಾರೆ. ನಾಯಕಿಯಾಗಿ ಇರುವ ಆಯಸ್ಸು ಒಂದೆರಡು ಧಾರಾವಾಹಿ. ಇನ್ನೂ ಪ್ರಾಯದಲ್ಲಿರುವಾಗಲೇ ಅತ್ತಿಗೆ, ತಾಯಿ ಪಾತ್ರಗಳ ಕರೆ ಬರತೊಡಗುತ್ತದೆ. ಕನ್ನಡದಲ್ಲಿ ಅವಕಾಶ ತಗ್ಗಿದವರಿಗೆ ಹೈದರಾಬಾದ್ ಇದೆ. ತೆಲುಗು ಧಾರಾವಾಹಿಗಳಲ್ಲಿ ಕನ್ನಡದ ಹುಡುಗಿಯರು ನಾಯಕಿಯರಾಗುವುದು ಎಷ್ಟು ಸಾಮಾನ್ಯವೆಂದರೆ ಅದು ಈಗ ಸುದ್ದಿಯೇ ಅಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತು ಬೆಳೆಯುವ ಪಾವಗಡದ ಕಡೆಯವರಿಗೆ ಈ ಎರಡೂ ಮಾರುಕಟ್ಟೆಗಳ ಭಾಷೆ ಹುಟ್ಟಿನಿಂದಲೇ ಬಂದಿರುತ್ತದೆ.

ಧಾರಾವಾಹಿಗಳ ಕತೆ ಹಳ್ಳಿಯತ್ತ ಮರಳಿದ್ದಕ್ಕೆ ಒಂದು ಲೆಕ್ಕಾಚಾರದ ಕಾರಣವಿದೆ. ಟೀವಿ ವೀಕ್ಷಕರ ಎಣಿಕೆ ಮೊದಲು ನಗರಗಳಲ್ಲಷ್ಟೇ ನಡೆಯುತ್ತಿತ್ತು. ಬಾರ್ಕ್ ಸಂಸ್ಥೆ 2015ರ ಅಕ್ಟೋಬರಿನಿಂದ ಹಳ್ಳಿಗಳ ಅಂಕಿಯನ್ನೂ ಸೇರಿಸಿತು. ಮಧುಗಿರಿ, ಶಿರಾದಂಥ ತಾಲ್ಲೂಕುಗಳ ಮನೆಗಳಲ್ಲಿ ಏನು ನೋಡುತ್ತಾರೆ ಎಂಬುದಕ್ಕೆ ಜಾಹೀರಾತುದಾರರ ಬಳಿ ಬೆಲೆ ಬಂದದ್ದು ಆಗ. ಬಂಗಲೆಯ ಸೊಸೆಯರ ಪಕ್ಕದಲ್ಲಿ ಊರ ಗೌಡರು, ಮೆಸ್ ನಡೆಸುವ ತಾಯಂದಿರು, ಹೊಲ ಕಳೆದುಕೊಂಡ ಮನೆಗಳು ಬಂದು ಕೂತವು. 2021ರ ಡಿಸೆಂಬರ್ 13ರಂದು ಜೀ ಕನ್ನಡದಲ್ಲಿ ಶುರುವಾದ, ಆರೂರು ಜಗದೀಶ್ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಇದರ ದೊಡ್ಡ ಉದಾಹರಣೆ. ಗಂಡ ಬಿಟ್ಟ ಪುಟ್ಟಕ್ಕ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಈ ಕತೆ ತೆಲುಗಿನ ‘ರಾಧಮ್ಮ ಕೂತುರು’ವಿನಿಂದ ಬಂದದ್ದು, ಆದರೆ ಉಮಾಶ್ರೀಯವರ ಮಾತಿನ ಲಯ ಅದನ್ನು ಪೂರ್ತಿ ಕನ್ನಡದ್ದನ್ನಾಗಿಸಿತು. ಟಿಆರ್‌ಪಿ ಪಟ್ಟಿಯಲ್ಲಿ ಅದು ಬಹುಕಾಲ ಮುಂಚೂಣಿಯಲ್ಲಿತ್ತು.

ಇದೇ ಹೊತ್ತಿನ ಹೊಸ ತಲೆಮಾರಿಗೆ ಜಿಲ್ಲೆಯಿಂದಲೇ ಸಿಗುವ ಉದಾಹರಣೆ ತುಮಕೂರು ಮೂಲದ ಚಂದನಾ ಅನಂತಕೃಷ್ಣ. ಭರತನಾಟ್ಯ ಕಲಿತು ಬಂದ ಅವರು ಕಲರ್ಸ್ ಕನ್ನಡದ ‘ರಾಜಾ ರಾಣಿ’ಯಲ್ಲಿ ಚುಕ್ಕಿಯಾಗಿ ಪರಿಚಿತರಾದರು, 2019ರಲ್ಲಿ ‘ಬಿಗ್ ಬಾಸ್’ ಏಳನೇ ಆವೃತ್ತಿಯ ಮನೆಗೆ ಹೋದರು, ‘ಹೂಮಳೆ’ಯಲ್ಲಿ ನಾಯಕಿಯಾದರು, 2024ರ ಜನವರಿಯಲ್ಲಿ ಶುರುವಾದ ಜೀ ಕನ್ನಡದ ‘ಲಕ್ಷ್ಮೀ ನಿವಾಸ’ದಲ್ಲಿ ಜಾಹ್ನವಿಯ ಪಾತ್ರ ವಹಿಸಿದರು. ಒಂದು ಧಾರಾವಾಹಿ, ನಡುವೆ ರಿಯಾಲಿಟಿ ಷೋ, ಮತ್ತೆ ಧಾರಾವಾಹಿ, ಚಾನೆಲ್ಲಿನಿಂದ ಚಾನೆಲ್ಲಿಗೆ ದಾಟು: ಇಂದಿನ ಕಿರುತೆರೆ ನಟಿಯ ವೃತ್ತಿಪಥ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಕರಪತ್ರದ ‘ಬೆಂಗಳೂರು’ ಎಂಬ ಮುಸುಕು ಇವರಿಗೆ ಬೇಕಿಲ್ಲ. ಹುಟ್ಟೂರಿನ ಹೆಸರನ್ನು ಈಗ ನಟಿಯರು ಸಂದರ್ಶನಗಳಲ್ಲಿ ಮೊದಲಿಗೇ ಹೇಳುತ್ತಾರೆ, ಊರು ಅವರನ್ನು ಗಣೇಶೋತ್ಸವಕ್ಕೆ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆಯುತ್ತದೆ. ಕಳಂಕ ಮಾತ್ರ ಮಾಯವಾಗಿಲ್ಲ. ಅದು ಊರ ಕಟ್ಟೆಯಿಂದ ಎದ್ದು ಮೊಬೈಲಿನ ಕಮೆಂಟುಗಳಿಗೆ ಹೋಗಿ ಕೂತಿದೆ.

ಕಿರುತೆರೆಯು ಈ ಸೀಮೆಯ ಹೆಂಗಸರನ್ನು ನಟಿಯರಾಗಿಯಷ್ಟೇ ಕಂಡಿಲ್ಲ. ಮಧುಗಿರಿಯಲ್ಲಿ ದೇವಸ್ಥಾನದ ಮುಂದೆ ಹಾಡಿ ಜೀವನ ಸಾಗಿಸುತ್ತಿದ್ದ ಅಂಧ ಸಹೋದರಿಯರಿಬ್ಬರು 2020ರಲ್ಲಿ ಜೀ ಕನ್ನಡದ ‘ಸರಿಗಮಪ’ ವೇದಿಕೆ ಹತ್ತಿದರು. ಅವರ ಸ್ಥಿತಿ ಕಂಡು ನಟ ಜಗ್ಗೇಶ್ ಅವರಿಗೊಂದು ಮನೆ ಕಟ್ಟಿಸಿಕೊಟ್ಟರು. ಒಬ್ಬರ ಬಡತನವನ್ನು ಕಾರ್ಯಕ್ರಮದ ಸರಕಾಗಿಸುವ ರಿಯಾಲಿಟಿ ಷೋಗಳ ಚಾಳಿಯನ್ನು ಟೀಕಿಸುವವರು ಇದ್ದಾರೆ, ಆ ಟೀಕೆಯಲ್ಲಿ ಹುರುಳೂ ಇದೆ. ಮನೆಯೂ ಅಷ್ಟೇ ನಿಜ.

ಅದೇ 2020ರ ಮಾರ್ಚಿನಲ್ಲಿ ಕೊರೊನಾದಿಂದ ರಾತ್ರಿಯ ಲೆಕ್ಕದ ನಟಿ, ದಿನದ ಲೆಕ್ಕದ ನಟಿ ಇಬ್ಬರ ದುಡಿಮೆಯೂ ಒಟ್ಟಿಗೆ ನಿಂತಿತು. ಜಾತ್ರೆಗಳು ರದ್ದಾದವು. ಮಾರ್ಚಿನಿಂದ ಮೇವರೆಗಿನ ಕಾಲವೇ ಊರ ನಾಟಕಗಳ ಸುಗ್ಗಿಯಾದ್ದರಿಂದ ಗ್ರಾಮೀಣ ನಟಿಯರು ವರ್ಷದ ಗಳಿಕೆಯ ಬಹುಪಾಲನ್ನು ಕಳೆದುಕೊಂಡರು. ಧಾರಾವಾಹಿಗಳ ಚಿತ್ರೀಕರಣ ಸುಮಾರು ಎರಡು ತಿಂಗಳು ನಿಂತು, ಸರ್ಕಾರದ ಅನುಮತಿಯೊಂದಿಗೆ ಕಡಿಮೆ ಜನರನ್ನು ಇಟ್ಟುಕೊಂಡು ಮತ್ತೆ ಶುರುವಾಯಿತು. ಆ ಬಿಡುವಿನಲ್ಲಿ ಚಾನೆಲ್ಲುಗಳು ದಶಕಗಳ ವಿರೋಧವಿದ್ದ ಡಬ್ಬಿಂಗ್‌ಗೆ ಕೈಹಾಕಿದವು. ಸ್ಟಾರ್ ಸುವರ್ಣದಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡ ಮಾತಾಡಿತು. ‘ಕುರುಕ್ಷೇತ್ರ’ವನ್ನು ಬಾಯಿಪಾಠ ಬಲ್ಲ ಹಳ್ಳಿಗಳಲ್ಲಿ ಜನ ಅದನ್ನು ಆಸೆಯಿಂದಲೇ ನೋಡಿದರು. ಆದರೆ ಡಬ್ಬಿಂಗ್ ಬಂದಷ್ಟೂ ಇಲ್ಲಿನ ನಟಿಯರ ದಿನಗಳು ಕಡಿಮೆಯಾಗುತ್ತವೆ ಎಂಬ ಕಲಾವಿದರ ಆತಂಕ ಸುಳ್ಳಲ್ಲ. ಕಂಠ ಕೊಡುವವರಿಗೆ ಸಿಕ್ಕುವ ಕೆಲಸ ಮುಖ ತೋರಿಸುವವರಿಗೆ ಸಿಕ್ಕುವುದಿಲ್ಲ.

ಸಾಂಕ್ರಾಮಿಕ ತಗ್ಗಿದ ಮೇಲೆ ನಾಟಕಗಳು ಮರಳಿದವು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಹಳ್ಳಿಗಳ ಪೆಂಡಾಲುಗಳಲ್ಲೂ ‘ಕುರುಕ್ಷೇತ್ರ’ ನಡೆಯುತ್ತಿದೆ, ವಂತಿಗೆ ಮೊದಲಿಗಿಂತ ಏರಿದೆ, ಸ್ತ್ರೀಪಾತ್ರಕ್ಕೆ ಈಗಲೂ ಹೊರಗಿನ ನಟಿಯರೇ ಬರುತ್ತಾರೆ. ವಯಸ್ಸಾದ ಮೇಲೆ ಇವರಿಗೆ ಇರುವ ಆಸರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನ. ಅದಕ್ಕೆ ಅರ್ಜಿ ಹಾಕುವಾಗ ಇಷ್ಟು ವರ್ಷ ಅಭಿನಯಿಸಿದ್ದಕ್ಕೆ ಪುರಾವೆ ಕೊಡಬೇಕು: ಹಳೆಯ ಕರಪತ್ರ, ಫೋಟೊ, ಪ್ರಮಾಣಪತ್ರ. ಧಾರಾವಾಹಿ ನಟಿಯ ಪ್ರತಿಯೊಂದು ಕಂತೂ ಚಾನೆಲ್ಲಿನ ಆ್ಯಪ್‌ನಲ್ಲಿ ಸಿಗುತ್ತದೆ. ಊರೂರು ತಿರುಗಿ ನೂರಾರು ರಾತ್ರಿ ದ್ರೌಪದಿಯಾದವಳು, ‘ಸ್ತ್ರೀ ಪಾತ್ರಗಳಲ್ಲಿ’ ಎಂಬ ಸಾಲಿನ ಕೆಳಗೆ ತನ್ನ ಹೆಸರಿರುವ ಕರಪತ್ರಗಳನ್ನು ತಾನೇ ಜೋಪಾನ ಮಾಡಿಟ್ಟುಕೊಂಡಿರಬೇಕು.